ಗಡೀಪಾರಿನ ಆಜ್ಞೆಯ ಎದುರು ವಕೀಲರ ಜಾಗ

ಕಂದಿಕೆರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ತೆಂಗಿನ ತೋಟಗಳು, ಒಂದು ಮಗ್ಗುಲಿಗೆ ಅದಿರಿನ ಗುಡ್ಡಗಳು, ಕೊಬ್ಬರಿ ಮಾರಲು ತಿಪಟೂರು. ಇಂಥ ಊರಿಗೂ ವಲಸೆ ಕಾನೂನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಎರಡು ದಿಕ್ಕಿನಿಂದಲೂ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಕ್ಕಳು ಓದಿ ಹೊರಟು ಅಮೆರಿಕದಲ್ಲಿ, ಕೊಲ್ಲಿ ದೇಶಗಳಲ್ಲಿ ವೀಸಾದ ಮೇಲೆ ಬದುಕು ಕಟ್ಟಿಕೊಂಡಿದ್ದಾರೆ. ಇತ್ತ ಉತ್ತರದ, ಪೂರ್ವದ ರಾಜ್ಯಗಳಿಂದ ಕೂಲಿ ಹುಡುಕಿಕೊಂಡು ಬಂದವರು ನಮ್ಮ ಕಾರ್ಖಾನೆಗಳಲ್ಲಿ, ಕಟ್ಟಡ ಕೆಲಸಗಳಲ್ಲಿ ದುಡಿಯುತ್ತಿದ್ದಾರೆ. ನಾಳೆ ಬೆಳಗ್ಗೆ ಒಬ್ಬ ಅಧಿಕಾರಿ ಬಂದು 'ನೀನು ಇಲ್ಲಿರಲು ಹಕ್ಕುಳ್ಳವನೇ? ತೋರಿಸು' ಎಂದರೆ, ಅಲ್ಲಿರುವ ನಮ್ಮ ಮಗನೂ ಇಲ್ಲಿರುವ ಪರವೂರಿನ ಕೂಲಿಯೂ ಒಂದೇ ಸ್ಥಿತಿಯಲ್ಲಿ ನಿಲ್ಲುತ್ತಾರೆ. ಆಗ ಅವರ ಪರವಾಗಿ ಮಾತಾಡುವವರು ಯಾರು ಎಂಬುದೇ ಈ ಬರಹದ ಪ್ರಶ್ನೆ. ಕನ್ನಡ ನಾಡಿನ ಕಳೆದ ನೂರು ವರ್ಷಗಳ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಯಾರು ಉಳಿದರು, ಯಾರು ಹೊರದೂಡಲ್ಪಟ್ಟರು ಎಂಬುದನ್ನು ನಿರ್ಧರಿಸಿದ್ದು ಅವರ ನಿಜಸ್ಥಿತಿಯೊಂದೇ ಅಲ್ಲ, ಆ ನಿಜವನ್ನು ನ್ಯಾಯಾಲಯದ ಮುಂದೆ ಎತ್ತಿ ಹಿಡಿಯುವ ವಕೀಲರು ಇದ್ದರೇ ಇಲ್ಲವೇ ಎಂಬುದು. ಆದ್ದರಿಂದ ವಿದೇಶಿ ಎಂಬ ಆರೋಪ ಹೊತ್ತವರಿಗೆ ವಕೀಲರನ್ನು ಒದಗಿಸುವುದು ದಾನವಲ್ಲ, ಅದು ವಿಚಾರಣೆಯದೇ ಒಂದು ಅಂಗ.

ಹೊರಗಿನಿಂದ ಬಂದವರನ್ನು ಕಾಗದ ಕೇಳಿ ಅಳೆಯುವ ಪದ್ಧತಿ ಈ ನಾಡಿನಲ್ಲಿ ತೀರ ಹಳೆಯದೇನಲ್ಲ. 19ನೆಯ ಶತಮಾನದ ಮೊದಲ ಭಾಗದಲ್ಲಿ ಪರ್ಷಿಯಾದ ಶಿರಾಜ್ ಕಡೆಯಿಂದ ಕುದುರೆ ವ್ಯಾಪಾರಿಯಾಗಿ ಬೆಂಗಳೂರಿಗೆ ಬಂದ ಅಲಿ ಅಸ್ಕರ್ ಇಲ್ಲೇ ನೆಲೆಸಿದರು. ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಅಲಿ ಅಸ್ಕರ್ ಬಂದದ್ದು, ಬಂದವರು ಏನು ಮಾಡುತ್ತಾರೆ, ಹೇಗೆ ಬಾಳುತ್ತಾರೆ ಎಂದು ನೋಡುವ ಕಾಲದಲ್ಲಿ. ಬ್ರಿಟಿಷ್ ಭಾರತದಲ್ಲಿ 1864ರ ವಿದೇಶೀಯರ ಕಾಯ್ದೆ ಸರ್ಕಾರಕ್ಕೆ ಮೊದಲ ಬಾರಿಗೆ ಒಂದು ಸ್ಪಷ್ಟ ಅಧಿಕಾರ ಕೊಟ್ಟಿತು: ಪರದೇಶದವನಿಗೆ ಹೊರಟುಹೋಗು ಎಂದು ಆಜ್ಞೆ ಮಾಡಬಹುದು. ಆಮೇಲೆ 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ, 1939ರಲ್ಲಿ ವಿದೇಶೀಯರ ನೋಂದಣಿ ಕಾಯ್ದೆ, 1946ರಲ್ಲಿ ಹೊಸ ವಿದೇಶೀಯರ ಕಾಯ್ದೆ ಬಂದವು. ಇವುಗಳಲ್ಲಿ ಹೆಚ್ಚಿನವು ಯುದ್ಧದ ಭಯದಲ್ಲಿ, ಇಲ್ಲವೇ ಯುದ್ಧದ ಬೆನ್ನಿಗೆ ಹುಟ್ಟಿದವು. ಭಯದ ಕಾಲದಲ್ಲಿ ಬರೆದ ಕಾನೂನಿನಲ್ಲಿ ಆಜ್ಞೆಗೆ ಇರುವ ಜಾಗ ವಿಚಾರಣೆಗೆ ಇರುವುದಿಲ್ಲ.

ಅದರ ಫಲವನ್ನು ಕನ್ನಡ ನಾಡು ಮೊದಲು ಕಂಡದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ', 1865ರಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲ್ಲರ ನಿಘಂಟು: ಇವೆಲ್ಲ ಆ ಸಂಸ್ಥೆಯ ಕೈಯಿಂದ ಬಂದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದದ್ದೇ ತಡ, ಎಂಬತ್ತು ವರ್ಷಗಳ ಈ ನಂಟು ಲೆಕ್ಕಕ್ಕೆ ಬರದೆ ಹೋಯಿತು. ಸಂಸ್ಥೆಯ ಕೇಂದ್ರ ಸ್ವಿಟ್ಜರ್‌ಲೆಂಡಿನಲ್ಲಿದ್ದರೂ ಮಿಶನರಿಗಳಲ್ಲಿ ಬಹುಪಾಲು ಜರ್ಮನರು; ಅವರು ಶತ್ರುದೇಶದವರೆಂದು ಘೋಷಿತರಾದರು. ಪ್ರಾಯದ ಗಂಡಸರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. 1915–16ರಲ್ಲಿ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಭಾರತದ ಜರ್ಮನ್ ಮಿಶನರಿಗಳನ್ನೂ ಅವರ ಕುಟುಂಬಗಳನ್ನೂ ಯೂರೋಪಿಗೆ ಸಾಗಿಸಲಾಯಿತು. ಹೆಂಚಿನ, ನೇಯ್ಗೆಯ ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಇವರಲ್ಲಿ ಯಾರು ಗೂಢಚಾರರು, ಯಾರು ಬರಿಯ ಮೇಷ್ಟರು, ಯಾರು ಅಚ್ಚುಮೊಳೆ ಜೋಡಿಸುವವರು ಎಂದು ಒಬ್ಬೊಬ್ಬರನ್ನೇ ತೂಗಿ ನೋಡುವ ಏರ್ಪಾಡು ಆ ಕಾನೂನಿನಲ್ಲಿ ಇರಲಿಲ್ಲ. ಹುಟ್ಟಿದ ದೇಶ ಯಾವುದು ಎಂಬ ಒಂದೇ ಪ್ರಶ್ನೆ, ಅದಕ್ಕೆ ಒಂದೇ ಉತ್ತರ, ಆಮೇಲೆ ಹಡಗು. ಯುದ್ಧಕಾಲದ ಒತ್ತಡ ಎಂಥದೆಂದು ಬಲ್ಲವರು ಆ ಸರ್ಕಾರದ ಅಂಜಿಕೆಯನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಶಾಂತಿಕಾಲಕ್ಕೂ ಅದೇ ಮಾದರಿ ಉಳಿದುಬಂದದ್ದು ಚಿಂತಿಸಬೇಕಾದ ಸಂಗತಿ.

1946ರ ಕಾಯ್ದೆಯ ಒಂಬತ್ತನೆಯ ಕಲಮು ಈ ಮಾದರಿಯ ತಿರುಳು. ಒಬ್ಬ ವ್ಯಕ್ತಿ ವಿದೇಶಿಯೇ ಅಲ್ಲವೇ ಎಂಬ ಪ್ರಶ್ನೆ ಎದ್ದರೆ, ತಾನು ವಿದೇಶಿಯಲ್ಲ ಎಂದು ರುಜುವಾತು ಮಾಡುವ ಹೊಣೆ ಅವನದೇ ಎಂದು ಅದು ಹೇಳಿತು. ಸಾಮಾನ್ಯ ಕ್ರಿಮಿನಲ್ ಕೇಸಿನಲ್ಲಿ ಹೀಗಿಲ್ಲ. ಕೊಲೆಯ ಆರೋಪ ಹೊತ್ತವನ ವಿರುದ್ಧವೂ ಸರ್ಕಾರವೇ ಸಾಕ್ಷ್ಯ ತರಬೇಕು. ಆರೋಪಿ ಬಾಯಿ ಬಿಡದೆ ಕೂತರೂ ಸಾಕ್ಷ್ಯ ಸಾಲದಿದ್ದರೆ ಬಿಡುಗಡೆ. ವಿದೇಶಿ ಎಂಬ ಆರೋಪದಲ್ಲಿ ಮಾತ್ರ ಸುಮ್ಮನಿದ್ದವನು ಸೋತಂತೆ. ಹುಟ್ಟಿದ್ದು ಎಲ್ಲಿ, ಯಾವಾಗ, ತಂದೆತಾಯಿ ಯಾರು, ಅವರು ಎಲ್ಲಿಯವರು ಎಂಬುದಕ್ಕೆಲ್ಲ ಅವನೇ ಕಾಗದ ತರಬೇಕು. ಇದರ ಹಿಂದಿನ ತರ್ಕ ಇಷ್ಟು: ತನ್ನ ಹುಟ್ಟಿನ ವಿಷಯ ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಗೊತ್ತಿರುವುದು ಬೇರೆ, ನ್ಯಾಯಾಲಯ ಒಪ್ಪುವಂತೆ ರುಜುವಾತು ಮಾಡುವುದು ಬೇರೆ. ಯಾವ ದಾಖಲೆಯನ್ನು ಯಾವ ಕಚೇರಿಯಿಂದ ದೃಢೀಕರಿಸಿ ತರಬೇಕು, ಯಾವ ಸಾಕ್ಷಿಯನ್ನು ಕರೆಸಬೇಕು, ಯಾವ ಗಡುವಿನೊಳಗೆ ಉತ್ತರ ಕೊಡಬೇಕು ಎಂಬುದು ಓದಿದವರಿಗೇ ತಿಳಿಯದ ವಿಷಯ. ಹೊಣೆಯನ್ನು ವ್ಯಕ್ತಿಯ ಮೇಲೆ ಹೊರಿಸಿದ ಕಾನೂನು, ಅದನ್ನು ಹೊರಲು ಬೇಕಾದ ಹೆಗಲನ್ನೂ ಕೊಡಬೇಕಿತ್ತು. ಕೊಡಲಿಲ್ಲ.

ಗಣರಾಜ್ಯ ಬಂದ ಮೇಲೆ ಈ ವಿಷಯ ಬೇಗನೆ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. ಸುಮಾರು ಒಂದು ವರ್ಷದ ಅಂತರದಲ್ಲಿ ಬಂದ ಎರಡು ತೀರ್ಪುಗಳನ್ನು ಜೊತೆಯಲ್ಲಿಟ್ಟು ಓದಬೇಕು. ಮೊದಲನೆಯದು 1954ರ ಇಬ್ರಾಹಿಂ ವಜೀರ್ ಮಾವತ್ ಪ್ರಕರಣ. ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಪರವಾನಗಿಯಿಲ್ಲದೆ ಮರಳಿದವರನ್ನು ಅಧಿಕಾರಿಯ ಸಂಶಯದ ಮೇಲೆಯೇ ಹೊರಹಾಕಲು 1949ರ ಕಾಯ್ದೆಯೊಂದು ಅವಕಾಶ ಕೊಟ್ಟಿತ್ತು. ನಾಗರಿಕನೊಬ್ಬನನ್ನು ಬರಿಯ ಸಂಶಯದ ಮೇಲೆ, ಅವನ ಮಾತು ಕೇಳದೆ ದೇಶದಿಂದ ಹೊರಗಟ್ಟಲಾಗದು ಎಂದು ಕೋರ್ಟು ಆ ಅವಕಾಶ ಕೊಟ್ಟ ಕಲಮನ್ನು ರದ್ದು ಮಾಡಿತು. ಎರಡನೆಯದು 1955ರ ಹಾನ್ಸ್ ಮುಲ್ಲರ್ ಪ್ರಕರಣ. ವಿದೇಶೀಯನನ್ನು ಹೊರಹಾಕಲು ಸರ್ಕಾರಕ್ಕಿರುವ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಕೋರ್ಟು ಅಲ್ಲಿ ಹೇಳಿತು. ಎರಡೂ ತೀರ್ಪುಗಳು ಸರಿ ಎಂದೇ ಇಟ್ಟುಕೊಳ್ಳೋಣ. ನಾಗರಿಕನಾದರೆ ಮುಟ್ಟುವಂತಿಲ್ಲ, ವಿದೇಶೀಯನಾದರೆ ತಡೆಯುವಂತಿಲ್ಲ. ಹಾಗಾದರೆ ಇಡೀ ಭಾರ ಬೀಳುವುದು ನಡುವಿನ ಒಂದು ಪ್ರಶ್ನೆಯ ಮೇಲೆ: ಎದುರಿಗೆ ನಿಂತವನು ಇವರಿಬ್ಬರಲ್ಲಿ ಯಾರು? ಅದನ್ನು ತೀರ್ಮಾನಿಸುವ ಕ್ರಮ ಎಷ್ಟು ಸರಿಯಾಗಿರುತ್ತದೋ ಅಷ್ಟರಮಟ್ಟಿಗೆ ಮಾತ್ರ ಆ ಎರಡು ತೀರ್ಪುಗಳಿಗೂ ಅರ್ಥ. ಆ ಕ್ರಮವೇ ಸೊಟ್ಟಗಿದ್ದರೆ ನಾಗರಿಕನಿಗೆ ಕೊಟ್ಟ ರಕ್ಷಣೆ ಕಾಗದದ ಮೇಲೆಯೇ ಉಳಿಯುತ್ತದೆ.

ಆ ಕ್ರಮದಲ್ಲಿ ವಕೀಲರ ಕೆಲಸ ಏನೆಂಬುದಕ್ಕೆ ಕರ್ನಾಟಕದಲ್ಲಿಯೇ ದೊಡ್ಡ ಉದಾಹರಣೆಯಿದೆ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಭಾರತಕ್ಕೆ ಬಂದ ಟಿಬೆಟಿಯನ್ನರಿಗೆ ನೆಲ ಕೊಡಲು ಮುಂದಾದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಖ್ಯವಾದದ್ದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ನೆಲದಲ್ಲಿ 1960–61ರ ಹೊತ್ತಿಗೆ ಮೊದಲ ವಸತಿ ಎದ್ದಿತು. ಮುಂಡಗೋಡು 1966ರಲ್ಲಿ ಬಂತು. ಹುಣಸೂರು, ಕೊಳ್ಳೇಗಾಲದ ವಸತಿಗಳು 1970ರ ದಶಕದಲ್ಲಿ ಬಂದವು. ಕಾಡು ಕಡಿದು ಜೋಳ ಬಿತ್ತಿದ ಆ ಜನ ಶಾಲೆ ಕಟ್ಟಿದರು, ಮಠಗಳನ್ನು ಮತ್ತೆ ನಿಲ್ಲಿಸಿದರು. ಕಾನೂನಿನ ಕಣ್ಣಿನಲ್ಲಿ ಮಾತ್ರ ಅವರು 1939ರ ನೋಂದಣಿ ಕಾಯ್ದೆಯ ಕೆಳಗೆ ಬರುವ ವಿದೇಶೀಯರು. ಪ್ರತಿಯೊಬ್ಬರ ಕೈಯಲ್ಲೂ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ಪೊಲೀಸರ ಬಳಿ ನವೀಕರಿಸಬೇಕು. ಇಲ್ಲಿಯೇ ಹುಟ್ಟಿ, ಕನ್ನಡ ಮಾತಾಡುತ್ತ ಬೆಳೆದ ಮಕ್ಕಳ ಕೈಗೂ ಅದೇ ಪತ್ರ ಬಂತು.

ಆದರೆ 1955ರ ಪೌರತ್ವ ಕಾಯ್ದೆ ಬೇರೆಯೇ ಮಾತು ಹೇಳುತ್ತಿತ್ತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. ತಂದೆತಾಯಿ ಯಾರೆಂಬುದು ಅಲ್ಲಿ ಮುಖ್ಯವಲ್ಲ. ಇದು ಗುಟ್ಟಿನ ಕಾನೂನೇನಲ್ಲ, ಸಂಸತ್ತು ಬರೆದು ಎಲ್ಲರಿಗೂ ಸಿಗುವಂತೆ ಅಚ್ಚು ಹಾಕಿಸಿದ್ದು. ಆದರೂ ದಶಕಗಳ ಕಾಲ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಹುಟ್ಟಿದವರಿಗೆ ಭಾರತದ ಪಾಸ್‌ಪೋರ್ಟ್ ಸಿಗಲಿಲ್ಲ. ಒಬ್ಬರು ವಕೀಲರ ಮೂಲಕ ಕೋರ್ಟಿಗೆ ಹೋಗಿ ಆ ಸಾಲನ್ನು ಓದಿ ತೋರಿಸುವವರೆಗೆ ಅದು ಸತ್ತಂತೆಯೇ ಬಿದ್ದಿತ್ತು. 2010ರ ಡಿಸೆಂಬರಿನಲ್ಲಿ ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, 2013ರ ಆಗಸ್ಟ್‌ನಲ್ಲಿ ಲಿಂಗ್ ರಿಂಪೋಚೆಯವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ಆ ಕಲಮಿನ ಅರ್ಥವನ್ನು ಎತ್ತಿ ಹಿಡಿದವು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟು ಮತ್ತೊಮ್ಮೆ ಅದೇ ಮಾತು ಹೇಳಿದ ಮೇಲೆ, 2017ರಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ಆದೇಶ ಹೋಯಿತು. ಇಲ್ಲಿ ಹೊಸ ಹಕ್ಕು ಏನೂ ಸೃಷ್ಟಿಯಾಗಲಿಲ್ಲ. ಮೊದಲಿನಿಂದ ಇದ್ದ ಹಕ್ಕೇ ಕೈಗೆ ಬಂದದ್ದು, ಅದೂ ವ್ಯಾಜ್ಯ ನಡೆಸುವ ಶಕ್ತಿ ಯಾರಿಗಿತ್ತೋ ಅವರ ಮೂಲಕ. ಒಂದು ಇಡೀ ತಲೆಮಾರು ತನ್ನದೇ ದೇಶದಲ್ಲಿ ವಿದೇಶಿಯಾಗಿ ನೋಂದಾಯಿಸಿಕೊಂಡು ಬದುಕಿದ್ದಕ್ಕೆ ಕಾನೂನಿನ ಕೊರತೆ ಕಾರಣವಲ್ಲ. ಕಾನೂನನ್ನು ಓದಿ ವಾದಿಸುವವರ ಕೊರತೆ ಕಾರಣ.

ಬಡವರಿಗೆ ವಕೀಲರನ್ನು ಕೊಡಬೇಕೆಂಬ ತತ್ತ್ವ ಈ ದೇಶಕ್ಕೆ ಹೊಸದಲ್ಲ. 1976ರ 42ನೆಯ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ವಕೀಲರಿಲ್ಲದ ಬಡವನ ವಿಚಾರಣೆ ನ್ಯಾಯವಾದ ವಿಚಾರಣೆಯೇ ಅಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟು ತಳೆಯಿತು. 1987ರಲ್ಲಿ ಅಂಗೀಕಾರವಾದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರಡಿ ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಾದವು. ಈ ಕಾಯ್ದೆಯ 12ನೆಯ ಕಲಮಿನಲ್ಲಿ ನೆರವಿಗೆ ಅರ್ಹರ ಪಟ್ಟಿಯಿದೆ: ಹೆಂಗಸರು, ಮಕ್ಕಳು, ಪರಿಶಿಷ್ಟರು, ಮಾನವ ಸಾಗಣೆಗೆ ಸಿಕ್ಕಿದವರು, ಕಸ್ಟಡಿಯಲ್ಲಿರುವವರು. ಕಸ್ಟಡಿಯಲ್ಲಿರುವವನು ಭಾರತೀಯನಾಗಿರಬೇಕೆಂಬ ಷರತ್ತು ಅಲ್ಲಿಲ್ಲ. ಸಂವಿಧಾನದ 21ನೆಯ ವಿಧಿಯೂ ಪೌರ ಎನ್ನದೆ ವ್ಯಕ್ತಿ ಎಂದೇ ಹೇಳುತ್ತದೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಸಾರಿತು. ಹೀಗೆ ಕಾನೂನಿನ ಪುಸ್ತಕದಲ್ಲಿ ಬಾಗಿಲು ತೆರೆದೇ ಇದೆ. ಆದರೆ ಆ ಬಾಗಿಲಿಗೆ ದಾರಿ ಹಾಕಿಲ್ಲ. ಅಸ್ಸಾಮಿನಲ್ಲಿ ಒಬ್ಬ ವಿದೇಶಿಯೇ ಅಲ್ಲವೇ ಎಂದು ತೀರ್ಮಾನಿಸಲು ನ್ಯಾಯಮಂಡಳಿಗಳಾದರೂ ಇವೆ. ನಮ್ಮಲ್ಲಿ ಹಾಗಿಲ್ಲ, ಪೊಲೀಸರು ಹಿಡಿಯುತ್ತಾರೆ, ವಿದೇಶೀಯರ ನೋಂದಣಿ ಅಧಿಕಾರಿ ಆಜ್ಞೆ ಹೊರಡಿಸುತ್ತಾರೆ. ಒಪ್ಪದವನಿಗೆ ಉಳಿಯುವ ಮುಖ್ಯ ದಾರಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಕೊಬ್ಬರಿ ಮಂಡಿಯಲ್ಲಿ ಕೊಳ್ಳುವವನೂ ತೂಗುವವನೂ ಒಬ್ಬನೇ ಆದರೆ ಬೆಳೆಗಾರನ ಗತಿ ಏನೆಂದು ತಿಪಟೂರು ಸೀಮೆಯವರಿಗೆ ವಿವರಿಸಬೇಕಿಲ್ಲ. ಹಿಡಿಯುವವರೇ ತೀರ್ಮಾನಿಸುವ ಈ ಏರ್ಪಾಡಿನ ದೋಷವೂ ಅದೇ.

ದೋಷ ಬರಿಯ ಊಹೆಯಲ್ಲ ಎಂಬುದಕ್ಕೆ 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದು ಸಾಕ್ಷಿ. ಬೆಳ್ಳಂದೂರಿನ ಬಳಿಯ ಆ ಜಾಗದಲ್ಲಿ ಕೂಲಿಕಾರರ ಶೆಡ್ಡುಗಳಿದ್ದವು. ಅಲ್ಲಿರುವವರು ಬಾಂಗ್ಲಾದೇಶದ ಅಕ್ರಮ ವಲಸಿಗರು ಎಂಬ ಮಾತು ಎದ್ದಿತು. ಕೆಲವೇ ದಿನಗಳಲ್ಲಿ ಯಂತ್ರಗಳು ಬಂದು ಶೆಡ್ಡುಗಳನ್ನು ಕೆಡವಿದವು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರದಂಥ ರಾಜ್ಯಗಳ ಜನರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ನೀಡಿತು, ಕಾನೂನಿನ ಆಧಾರವಿಲ್ಲದೆ ಜನರನ್ನು ಒಕ್ಕಲೆಬ್ಬಿಸಿದ್ದನ್ನು ಪ್ರಶ್ನಿಸಿತು, ಸಂತ್ರಸ್ತರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ಕನ್ನಡ ನೆಲದಲ್ಲಿ ಹುಟ್ಟಿದ ಕನ್ನಡಿಗನೇ ಹೊರದೇಶದವನೆಂಬ ಹಣೆಪಟ್ಟಿ ಹೊತ್ತು ಸೂರು ಕಳೆದುಕೊಂಡ ಈ ಘಟನೆ, ಸಂಶಯಕ್ಕೂ ನಿಜಕ್ಕೂ ನಡುವೆ ಎಷ್ಟು ಅಂತರವಿರಬಹುದೆಂದು ತೋರಿಸಿತು. ಆ ಅಂತರವನ್ನು ಅಳೆದು ತೋರಿಸಿದವರು ಅರ್ಜಿ ಬರೆದ ವಕೀಲರು. ಅರ್ಜಿ ಹೋಗುವ ಹೊತ್ತಿಗೆ ಸೂರು ನೆಲಕ್ಕೆ ಬಿದ್ದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ; ನೆರವು ಆಜ್ಞೆಯ ಹಿಂದೆ ಓಡಿದರೆ ಸಾಲದು, ಆಜ್ಞೆಗಿಂತ ಮುಂಚೆ ಅಲ್ಲಿರಬೇಕು.

ಅದೇ ದಿನಗಳಲ್ಲಿ, ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ನೆಲಮಂಗಲದ ಹತ್ತಿರ, ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದ ಕಟ್ಟಡವನ್ನು ವಿದೇಶೀಯರನ್ನು ಇರಿಸುವ ಕೇಂದ್ರವಾಗಿ ಮಾರ್ಪಡಿಸಲಾಯಿತು. 2020ರ ಮೇ ತಿಂಗಳಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಬಾಬುಲ್ ಖಾನ್ ಮತ್ತಿತರರ ಪ್ರಕರಣದಲ್ಲಿ ದೀರ್ಘವಾದ ಆದೇಶ ಬರೆದರು. ಅಕ್ರಮವಾಗಿ ಬಂದ ಆರೋಪ ಹೊತ್ತವರಿಗೂ 21ನೆಯ ವಿಧಿಯ ರಕ್ಷಣೆಯಿದೆ ಎಂದು ಹೇಳಿ, ಅವರ ಜಾಮೀನು, ಬಂಧನ, ವಾಪಸು ಕಳಿಸುವಿಕೆ, ಹೆಂಗಸರು ಮಕ್ಕಳ ಪಾಲನೆ ಕುರಿತು ಮಾರ್ಗಸೂಚಿ ಹಾಕಿಕೊಟ್ಟರು. ವಿಚಾರಣೆಯೂ ಮುಗಿಯದೆ, ಬಿಡುಗಡೆಯೂ ಆಗದೆ, ಊರಿಗೂ ಹೋಗಲಾಗದೆ ಜೈಲಿನಲ್ಲಿ ಕೊಳೆಯುವ ಜನರಿಗೆ ಒಂದು ಕ್ರಮ ಬೇಕೆಂಬುದು ಆ ಆದೇಶದ ಕಾಳಜಿ. ಅಂಥದೊಂದು ಕ್ರಮ ಹುಟ್ಟಿದ್ದು ಎಲ್ಲಿಂದ? ಜಾಮೀನು ಬೇಡಿದ ಅರ್ಜಿಗಳಿಂದ. ಅರ್ಜಿ ಹಾಕುವವರಿಲ್ಲದೆ ಹೋಗಿದ್ದರೆ ಮಾರ್ಗಸೂಚಿಯೂ ಇರುತ್ತಿರಲಿಲ್ಲ.

'ಅದೆಲ್ಲ ಬೆಂಗಳೂರಿನ ಮಾತು, ನಮಗೇಕೆ' ಎನ್ನುವವರು ತಮ್ಮ ಮನೆಯ ಟ್ರಂಕಿನಲ್ಲಿರುವ ಕಾಗದಗಳನ್ನೊಮ್ಮೆ ತೆಗೆದು ನೋಡಬೇಕು. ಪಹಣಿಯಲ್ಲಿ 'ರಂಗಯ್ಯ ಬಿನ್ ಕರಿಯಪ್ಪ', ಪಡಿತರ ಚೀಟಿಯಲ್ಲಿ ರಂಗಪ್ಪ, ಆಧಾರಿನಲ್ಲಿ ಇನ್ನೊಂದು ಅಕ್ಷರ. ಹುಟ್ಟಿದ ದಿನ ಶಾಲೆಯ ಟಿ.ಸಿ.ಯಲ್ಲಿ ಮೇಷ್ಟರು ಅಂದಾಜಿನಲ್ಲಿ ಬರೆದದ್ದು. ನಮ್ಮ ಹಳ್ಳಿಗಳಲ್ಲಿ ಹೀಗೆ ಇರುವುದೇ ಹೆಚ್ಚು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಬಂದರೂ ಮನೆಯಲ್ಲಿಯೇ ಹೆರಿಗೆಯಾದ ಎಷ್ಟೋ ಮಂದಿಯ ಹೆಸರು ಯಾವ ಪುಸ್ತಕಕ್ಕೂ ಏರಲಿಲ್ಲ. ಊರೂರು ತಿರುಗುವ ಹಂದಿಜೋಗಿ, ದೊಂಬಿದಾಸ, ಸುಡುಗಾಡು ಸಿದ್ಧರಂಥ ಅಲೆಮಾರಿಗಳಿಗೆ ನಾಡಕಚೇರಿಯಲ್ಲಿ ಒಂದು ವಾಸ ದೃಢೀಕರಣ ಪಡೆಯುವುದೇ ಕಷ್ಟ. ಇಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು, ಆದ್ದರಿಂದ ಯಾರೂ ಕೇಳುವುದಿಲ್ಲ. ಇದೇ ರಂಗಯ್ಯನ ಮಗ ದೂರದ ರಾಜ್ಯಕ್ಕೆ ದುಡಿಯಲು ಹೋದರೆ ಅಲ್ಲಿ ಅವನನ್ನು ಬಲ್ಲವರು ಇರುವುದಿಲ್ಲ. 2024ರ ಜುಲೈಯಲ್ಲಿ ಅಸ್ಸಾಮಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೈಯಲ್ಲಿ ಯಾವ ಆಧಾರವೂ ಇಲ್ಲದೆ ಒಬ್ಬನನ್ನು ವಿದೇಶಿಯೆಂದು ಶಂಕಿಸಿ ರುಜುವಾತಿನ ಹೊಣೆ ಹೊರಿಸುವಂತಿಲ್ಲ, ಹೆಸರಿನ ಕಾಗುಣಿತದಲ್ಲಿ, ದಿನಾಂಕದಲ್ಲಿ ಇರುವ ಸಣ್ಣಪುಟ್ಟ ವ್ಯತ್ಯಾಸವನ್ನೇ ಹಿಡಿದು ಪೌರತ್ವ ಕಿತ್ತುಕೊಳ್ಳುವಂತಿಲ್ಲ ಎಂದು ಹೇಳಿತು. 2025ರ ಜೂನಿನಲ್ಲಿ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಬಸುರಿಯೊಬ್ಬಳನ್ನು ದೆಹಲಿಯಲ್ಲಿ ಹಿಡಿದು ಕುಟುಂಬದೊಡನೆ ಬಾಂಗ್ಲಾದೇಶಕ್ಕೆ ದಾಟಿಸಲಾಯಿತು. ಸೆಪ್ಟೆಂಬರಿನಲ್ಲಿ ಕಲ್ಕತ್ತ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಆಕೆ ಮರಳಿ ಬಂದದ್ದು ಡಿಸೆಂಬರಿನಲ್ಲಿ. ದಾಟಿಸಲು ದಿನಗಳು ಸಾಕಾದವು, ಮರಳಿ ಕರೆತರಲು ತಿಂಗಳುಗಳು ಬೇಕಾದವು.

ಕಡಲಾಚೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಆ ದೇಶದ ಪೌರರಾಗಲು ಅರ್ಹರಲ್ಲ ಎಂದಿತು. ಅದನ್ನೇ ಹಿಡಿದು ಅಲ್ಲಿನ ಸರ್ಕಾರ ಈಗಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡಿತು. ಆದರೆ ಥಿಂದ್ ಅವರ ಪರ ವಾದಿಸಿದ್ದ ಸಖಾರಾಮ ಗಣೇಶ ಪಂಡಿತರ ಪೌರತ್ವವನ್ನು ಕೀಳಲು ಆಗಲಿಲ್ಲ. ಒಮ್ಮೆ ನ್ಯಾಯಾಲಯ ತೀರ್ಮಾನಿಸಿದ್ದನ್ನು ಮತ್ತೆ ಕೆದಕುವಂತಿಲ್ಲ ಎಂದು ವಾದಿಸಿ 1926ರಲ್ಲಿ ಅವರು ಗೆದ್ದರು. ಮಿಕ್ಕವರಿಗೂ ಅವರಿಗೂ ಕುಲದಲ್ಲಿ, ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಪಂಡಿತರು ತಾವೇ ವಕೀಲರಾಗಿದ್ದರು. ಇಂದಿಗೂ ಅಮೆರಿಕದ ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ. 2007ರಿಂದ 2012ರವರೆಗಿನ 12 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿ ಇಂಗ್ರಿಡ್ ಈಗ್ಲಿ ಮತ್ತು ಸ್ಟೀವನ್ ಶೇಫರ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಟ್ಟು ವಲಸಿಗರಲ್ಲಿ ವಕೀಲರಿದ್ದದ್ದು ಶೇ. 37 ಮಂದಿಗೆ, ಬಂಧನದಲ್ಲಿದ್ದವರಲ್ಲಿ ಶೇ. 14 ಮಂದಿಗೆ ಮಾತ್ರ. ಬಂಧನದಲ್ಲಿದ್ದು ವಕೀಲರಿದ್ದವರಲ್ಲಿ ಶೇ. 21 ಮಂದಿ ಗೆದ್ದರು; ವಕೀಲರಿಲ್ಲದವರಲ್ಲಿ ಗೆದ್ದದ್ದು ಶೇ. 2 ಮಂದಿ. 2025ರ ಫೆಬ್ರವರಿಯಲ್ಲಿ 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದಾಗ, ಕೈಕೋಳ ಹಾಕಿ ಕರೆತಂದದ್ದಕ್ಕೆ ನಾವೆಲ್ಲ ನೊಂದುಕೊಂಡೆವು. ಆ ನೋವು ನ್ಯಾಯವಾದದ್ದೇ. ನಮ್ಮವರಿಗೆ ಅಲ್ಲಿ ಏನು ಸಿಗಬೇಕೆಂದು ಬಯಸುತ್ತೇವೋ ಅದನ್ನು ಇಲ್ಲಿ ಪರರಿಗೆ ಕೊಡಲು ಹಿಂಜರಿದರೆ ಆ ನೋವಿಗೆ ಬಲವಿರುವುದಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ತನ್ನ ಗಡಿಯೊಳಗೆ ಯಾರಿರಬೇಕೆಂದು ತೀರ್ಮಾನಿಸುವುದು ಯಾವುದೇ ದೇಶದ ಹಕ್ಕು, ಅಕ್ರಮವಾಗಿ ಬಂದವರನ್ನು ಕಳಿಸಲೇಬೇಕು ಎಂಬುದು ಮೊದಲನೆಯದು. ಇದನ್ನು ಅಲ್ಲಗಳೆಯುವ ಅಗತ್ಯವೇ ಇಲ್ಲ. ಗಡಿ ಕಾಯುವುದು ಸರ್ಕಾರದ ಧರ್ಮ. ಹಾನ್ಸ್ ಮುಲ್ಲರ್ ತೀರ್ಪು ಅದನ್ನೇ ಹೇಳಿತು. ವಕೀಲರಿದ್ದ ಮಾತ್ರಕ್ಕೆ ವಿದೇಶಿ ಪೌರನಾಗುವುದಿಲ್ಲ. ಅಮೆರಿಕದ ಲೆಕ್ಕದಲ್ಲೂ ವಕೀಲರಿದ್ದ ಬಂಧಿತರಲ್ಲಿ ಹೆಚ್ಚಿನವರು ಸೋತರು. ವಕೀಲರು ಮಾಡುವುದು ಇಷ್ಟೇ: ಕಳಿಸಬೇಕಾದವರನ್ನೂ ಕಳಿಸಬಾರದವರನ್ನೂ ಬೇರ್ಪಡಿಸುತ್ತಾರೆ. ಇಷ್ಟು ಕೆಲಸ ಆದ ಮೇಲೆ ಸರ್ಕಾರ ಹೊರಡಿಸುವ ಆಜ್ಞೆಗೆ ಬಲ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ತೆರಿಗೆದಾರರ ಹಣವನ್ನು ಪರದೇಶದವರಿಗೇಕೆ ಸುರಿಯಬೇಕು ಎಂಬುದು ಎರಡನೆಯ ಆಕ್ಷೇಪ. ನಮ್ಮ ಬಡವರಿಗೇ ವಕೀಲರು ಸಿಗದ ಕಾಲದಲ್ಲಿ ಈ ಪ್ರಶ್ನೆ ಸಹಜ. ಆದರೆ ಆರೋಪದ ದಿನ ಅವನು ಪರದೇಶದವನೆಂದು ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಾಗಬೇಕಾದದ್ದೇ ವಿಚಾರಣೆಯಿಂದ. ಕರಿಯಮ್ಮನ ಅಗ್ರಹಾರದಲ್ಲಿ ಆ ನೆರವು ಮುಟ್ಟಿದ್ದು ನಮ್ಮ ರಾಜ್ಯದವರಿಗೂ ಹೌದು. ಅಲ್ಲದೆ ಭಾರತ ಸರ್ಕಾರವೇ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಿ, ವಿದೇಶಗಳಲ್ಲಿ ಸಂಕಷ್ಟಕ್ಕೆ ಸಿಕ್ಕ ನಮ್ಮವರಿಗೆ ರಾಯಭಾರ ಕಚೇರಿಗಳ ಮೂಲಕ ಕಾನೂನು ನೆರವನ್ನೂ ಊರಿಗೆ ಮರಳುವ ಟಿಕೆಟನ್ನೂ ಕೊಡುತ್ತಿದೆ. ಕೊಲ್ಲಿಯಲ್ಲಿ ಸಿಕ್ಕಿಬಿದ್ದ ಕನ್ನಡಿಗನಿಗೆ ವಕೀಲರು ಬೇಕೆಂದು ಒಪ್ಪುವ ಸರ್ಕಾರ, ತನ್ನ ನೆಲದಲ್ಲಿ ಅದೇ ಸ್ಥಿತಿಯಲ್ಲಿರುವವರಿಗೆ ಬೇಡ ಎನ್ನಲು ಯಾವ ಆಧಾರವಿದೆ? ವಕೀಲರು ಬಂದರೆ ಕೇಸು ಎಳೆಯುತ್ತದೆ ಎಂಬುದು ಮೂರನೆಯ ಆಕ್ಷೇಪ. ನಿಜವಾದ ವಿದೇಶೀಯನ ವಿಷಯದಲ್ಲಿ ವಿಳಂಬಕ್ಕೆ ದೊಡ್ಡ ಕಾರಣ, ಅವನು ತನ್ನವನೆಂದು ಅವನ ದೇಶ ದೃಢಪಡಿಸಿ ಪ್ರಯಾಣ ಪತ್ರ ಕೊಡಲು ಹಿಡಿಯುವ ಕಾಲ. ಮರಳಲು ಒಪ್ಪಿ ಕಾಯುತ್ತಿರುವವನಿಗೂ ಆ ಓಡಾಟ ಮಾಡುವವರು ಬೇಕು. ವಕೀಲರ ನೆರವಿನಿಂದ ಅಂಥವನ ದಾರಿ ಬೇಗ ತೆರೆಯುತ್ತದೆ.

1946ರ ಕಾಯ್ದೆ ಈಗ ಇಲ್ಲ. ಅದನ್ನೂ 1920, 1939ರ ಕಾಯ್ದೆಗಳನ್ನೂ ತೆಗೆದುಹಾಕಿ, 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದಿದೆ. ಶಿಕ್ಷೆಗಳು ಕಠಿಣವಾಗಿವೆ, ರುಜುವಾತಿನ ಹೊಣೆ ಹಳೆಯ ಜಾಗದಲ್ಲೇ ಇದೆ, ವಕೀಲರನ್ನು ಒದಗಿಸುವ ಮಾತು ಅದರಲ್ಲಿಲ್ಲ. ಸಂಸತ್ತು ಬಿಟ್ಟದ್ದನ್ನು ತಾಲ್ಲೂಕು ಮಟ್ಟದಲ್ಲಿ ತುಂಬಲು ಹೊಸ ಕಾನೂನೇನೂ ಬೇಕಿಲ್ಲ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮು ಸಾಕು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ತಮ್ಮ ಪ್ಯಾನಲ್ ವಕೀಲರಲ್ಲಿ ಕೆಲವರಿಗಾದರೂ ಪೌರತ್ವ ಮತ್ತು ವಿದೇಶೀಯರ ಕಾನೂನಿನಲ್ಲಿ ತರಬೇತಿ ಕೊಡಿಸಬೇಕು. ವಿದೇಶಿ ಎಂಬ ಸಂಶಯದ ಮೇಲೆ ಯಾರನ್ನೇ ಠಾಣೆಗೆ ಕರೆತಂದರೂ ಅಂದೇ ಸಮಿತಿಗೆ ತಿಳಿಸುವ, ಹಿಂದಿ, ಬಂಗಾಳಿ ಬಲ್ಲವರನ್ನು ಕರೆಸುವ ಪರಿಪಾಠ ಬೆಳೆಯಬೇಕು. ಸೊಂಡೆಕೊಪ್ಪದಂಥ ಕೇಂದ್ರಗಳಿಗೆ ವಕೀಲರು ನಿಯತವಾಗಿ ಹೋಗಿಬರುವಂತಾಗಬೇಕು. ಓದುಗರು ಮಾಡಬಹುದಾದದ್ದೂ ಇದೆ. ಕಾನೂನು ಸೇವೆಗಳ ಉಚಿತ ಸಹಾಯವಾಣಿ 15100. ಅದನ್ನು ತೋಟದಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಪರವೂರಿನವರಿಗೂ, ಮನೆಯ ಅಂಗಳದಲ್ಲಿ ಬಿಡಾರ ಹೂಡುವ ಅಲೆಮಾರಿಗಳಿಗೂ ತಿಳಿಸಿ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಯ ಕಚೇರಿಗೆ ಅವರನ್ನು ಕರೆದೊಯ್ಯಲು ಹಿಂಜರಿಯಬೇಡಿ. ಅವರು ಪೌರರಾಗಿದ್ದರೆ ಒಬ್ಬ ಭಾರತೀಯನ ಹಕ್ಕು ಉಳಿಯುತ್ತದೆ; ಅಲ್ಲವಾದರೆ ಕಾನೂನು ಪ್ರಕಾರವೇ ಊರು ಸೇರುತ್ತಾರೆ. ಎರಡರಲ್ಲಿ ಯಾವುದಾದರೂ ನ್ಯಾಯವೇ. ವಿಚಾರಣೆಯಿಲ್ಲದೆ ಹೊರಗಟ್ಟುವುದು ಮಾತ್ರ ನ್ಯಾಯವಲ್ಲ.